ಕಾಡು ದಾಟಲು ಮೂರು ದಿನ

ನಮ್ಮಜ್ಜಿಯ ಕಥೆಗಳಲ್ಲಿ ಕಾಡು ದಾಟುವುದು ಬಹು ಸುಲಭವಾದ ಕೆಲಸವಾಗಿತ್ತು. “ಹೋದ, ಹೋದ, ಹೋದ, ಹೋಗ್ತಾ ಹೋಗ್ತಾ ಒಂದು ದೊಡ್ಡ ಕಾಡು ಸಿಕ್ತು, ಅದನ್ನೂ ದಾಟಿ ಹೋದ” ಎಂದು ಒಂದೇ ಉಸಿರಿನಲ್ಲಿ ಹೇಳಿ ಆಕೆ ರಾಜಕುಮಾರನನ್ನು ಆಚೆಯ ಊರಿಗೆ ಮುಟ್ಟಿಸಿಬಿಡುತ್ತಿದ್ದಳು. ಕೇಳುತ್ತಿದ್ದ ನಮಗೂ ರಾಜಕುಮಾರಿಯ ಮೇಲೆ ಕಣ್ಣಿರುತ್ತಿತ್ತೇ ಹೊರತು ಕಾಡಿನ ಗೊಡವೆ ಇರುತ್ತಿರಲಿಲ್ಲ. ಕನ್ನಡದಲ್ಲಿ ಎಂ. ಎ. ಮಾಡಿ, ಹತ್ತು ವರ್ಷಗಳಿಂದ ತರಗತಿಗಳಲ್ಲಿ ಪಂಪ ಕುಮಾರವ್ಯಾಸರನ್ನು ಪಾಠ ಹೇಳುತ್ತ ಬಂದಿದ್ದರೂ, ಕಥೆಯ ಕಾಡು ಎಷ್ಟು ಮೈಲಿ ಉದ್ದ, ಅದನ್ನು ನಡೆದು ದಾಟಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡವನಲ್ಲ. ಈ ಬೇಸಗೆಯ ರಜೆಯಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಅದನ್ನು ಕೇಳಿದಳು. ಉತ್ತರ ಹೇಳುವ ಹೊಣೆ ನನ್ನ ಮೇಲೆ ಬಿದ್ದಿತು.

ಹುಡುಗಿ ನನ್ನ ಅಕ್ಕನ ಮಗಳು. ಅವಳೂ ಅವಳ ಅಣ್ಣನೂ ರಜೆಗೆಂದು ನಮ್ಮ ಮನೆಗೆ ಬಂದಿದ್ದರು. ಅಣ್ಣನಿಗೆ ಹದಿನೆಂಟು ವರ್ಷ. ಎರಡನೆಯ ಪಿಯುಸಿ ಮುಗಿಸಿ ಯಾವುದೋ ಪ್ರವೇಶ ಪರೀಕ್ಷೆಗೆ ಕುಳಿತಿದ್ದ, ಫಲಿತಾಂಶವೂ ಬಂದಿತ್ತು. ಬಂದ ಅಂಕಗಳು ಬಯಸಿದ ಕಾಲೇಜಿಗೆ ಸಾಲುವಂತಿರಲಿಲ್ಲ. ಆ ಮಾತನ್ನು ಎತ್ತಕೂಡದೆಂದು ಅಕ್ಕ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳಾದ್ದರಿಂದ ನಾವೆಲ್ಲರೂ ಅವನೊಡನೆ ರೋಗಿಯೊಡನೆ ಮಾತನಾಡುವಂತೆ ಮೆಲ್ಲಗೆ ಮಾತನಾಡುತ್ತಿದ್ದೆವು. ಅವನು ಮಾತೇ ಆಡುತ್ತಿರಲಿಲ್ಲ. ಹೀಗಿರುವಾಗ ಒಂದು ಸಂಜೆ ಅವನು ತನ್ನ ಚೀಲದಿಂದ ದಪ್ಪ ಪುಸ್ತಕವೊಂದನ್ನೂ ಬಣ್ಣಬಣ್ಣದ ದಾಳಗಳ ಸಣ್ಣ ಸಂಚಿಯನ್ನೂ ಹೊರತೆಗೆದು, “ಮಾಮ, ನಿಮಗೆ ಕಥೆ ಕಟ್ಟೋಕೆ ಬರುತ್ತಲ್ಲ, ಇದನ್ನ ನೀವು ನಡೆಸಿಕೊಡ್ತೀರಾ?” ಎಂದು ಕೇಳಿದಾಗ ನಾನು ‘ಆಗಲಿ’ ಎನ್ನದೆ ಇನ್ನೇನು ಮಾಡಬಹುದಾಗಿತ್ತು?

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 2016ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿಯ ಮೊದಲಲ್ಲಿ ನಾಲ್ವರು ಹುಡುಗರು ಮೇಜಿನ ಸುತ್ತ ಕುಳಿತು ಆಡುವುದನ್ನು ಓದುಗರಲ್ಲಿ ಕೆಲವರು ನೋಡಿರಬಹುದು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತನೂ ಮಿನಿಸೋಟದ ಡೇವ್ ಆರ್ನಸನ್ ಎಂಬಾತನೂ ಸೇರಿ 1974ರಲ್ಲಿ ಇದನ್ನು ಹೊರತಂದರು. ಒಂದು ಪೆಟ್ಟಿಗೆ, ಅದರೊಳಗೆ ಮೂರು ಕಿರುಹೊತ್ತಿಗೆಗಳು. ಮೊದಲ ಮುದ್ರಣ ಕೇವಲ 1000 ಪ್ರತಿ. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಒಬ್ಬ ಮಾತ್ರ ಪಾತ್ರ ವಹಿಸದೆ, ಅವರು ನಡೆಯುವ ಲೋಕವನ್ನೂ ಅಲ್ಲಿ ಎದುರಾಗುವವರನ್ನೂ ವರ್ಣಿಸುತ್ತ ಹೋಗುತ್ತಾನೆ. ಅವನಿಗೆ ಅವರಿಟ್ಟಿರುವ ಹೆಸರು ‘ಡಂಜನ್ ಮಾಸ್ಟರ್’. ಮೇಷ್ಟರ ಉದ್ಯೋಗ ಕಾಲೇಜಿನಲ್ಲಿಯೇ ಸಾಕಷ್ಟಿರುವುದರಿಂದ ನಾನು ಅದನ್ನು ‘ಸೂತ್ರಧಾರ’ ಎಂದು ಬದಲಾಯಿಸಿಕೊಂಡೆ. “ನಾನು ಗೋಡೆ ಹತ್ತುತ್ತೇನೆ” ಎಂದು ಪಾತ್ರಧಾರಿ ಹೇಳಿದರೆ, ಹತ್ತಿದನೋ ಬಿದ್ದನೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಮ್ಮ ತಾಳಮದ್ದಳೆಯಲ್ಲಿ ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಆಗಿಂದಾಗಲೇ ಮಾತು ಹೊಸೆಯುವುದನ್ನು ಬಲ್ಲವರಿಗೆ ಈ ಆಟದ ರುಚಿಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ವ್ಯತ್ಯಾಸವೆಂದರೆ, ತಾಳಮದ್ದಳೆಯಲ್ಲಿ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಕಡೆಗೆ ಸಾಯಲೇಬೇಕು. ಇಲ್ಲಿ ಹಾಗೇನೂ ಗೊತ್ತುಮಾಡಿರುವುದಿಲ್ಲ.

ದಾಳವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ತಾಯಿ ಅಡಿಗೆಮನೆಯಿಂದ ಹೊರಬಂದು, “ಧರ್ಮರಾಯನಂಥ ಧರ್ಮರಾಯನೇ ಹಾಳಾದ, ನಿನ್ನದೇನೋ” ಎಂದು ಹೇಳಿ ಒಳಗೆ ಹೋದರು. ಹಣ ಕಟ್ಟುವುದಿಲ್ಲವೆಂದು ಪ್ರಮಾಣ ಮಾಡಿದ ಮೇಲೆ ಅನುಮತಿ ದೊರೆಯಿತು.

ಹುಡುಗ ಕವಚ ತೊಟ್ಟ ಯೋಧನಾದ. ತಂಗಿ ಗಿಡಮೂಲಿಕೆ ಬಲ್ಲ ವೈದ್ಯಳಾದಳು. ಎದುರು ಮನೆಯ ಎಂಜಿನಿಯರ್ ಹುಡುಗ ಮಂತ್ರವಾದಿಯಾದ. ಮನೆಯ ಖರ್ಚಿಗೆ ಪೈಸೆ ಪೈಸೆಗೂ ಲೆಕ್ಕವಿಡುವ ನನ್ನ ಶ್ರೀಮತಿ ತಾನು ಕಳ್ಳಿಯಾಗುತ್ತೇನೆಂದಳು, ನನಗೆ ಆಶ್ಚರ್ಯವಾಗಲಿಲ್ಲ.

ಮೊದಲ ಎರಡು ಭಾನುವಾರ ಸೊಗಸಾಗಿ ಕಳೆದುವು. ಮೂರನೆಯ ಭಾನುವಾರ ಇವರು ಬೆಟ್ಟದ ಮಠವೊಂದರಿಂದ ಕಾಡಿನಾಚೆಯ ಹಳ್ಳಿಗೆ ಹೋಗಬೇಕಾಗಿತ್ತು. ಹಳ್ಳಿಯಲ್ಲಿ ಏನೇನು ನಡೆಯಬೇಕೆಂಬುದನ್ನು ನಾನು ಹನ್ನೆರಡು ಪುಟ ಬರೆದಿಟ್ಟಿದ್ದೆ. ಕಾಡಿನ ಬಗ್ಗೆ ಬರೆದದ್ದು ಒಂದೇ ಸಾಲು: “ದಟ್ಟವಾದ ಅಡವಿ, ತೋಳಗಳು.” ಆ ಒಂದು ಸಾಲಿಗೆ ದಂಡ ತೆತ್ತೆ. ನಾಲ್ಕು ತೋಳಗಳು ಬಂದುವು. ಒಂದೂವರೆ ಗಂಟೆ ಕಾದಾಟವಾಯಿತು. ದಾಳ ಉರುಳಿತು, ಲೆಕ್ಕ ಕೂಡಿತು, ತೋಳಗಳು ಸತ್ತುವು. ಸತ್ತ ಮೇಲೆ ಲೋಕ ಹೇಗಿತ್ತೋ ಹಾಗೆಯೇ ಇತ್ತು. ಕಾಫಿಯ ಲೋಟ ತೆಗೆದುಕೊಂಡು ಹೋಗುತ್ತ ನನ್ನವಳು, “ಇದನ್ನ ಬಿಟ್ಟುಬಿಟ್ಟಿದ್ದರೂ ಆಗ್ತಿತ್ತು ಅಲ್ವಾ?” ಎಂದಳು. ಹುಡುಗಿ, “ಮಾಮ, ಕಾಡು ಎಷ್ಟು ದೊಡ್ಡದು? ನಾವು ಎಷ್ಟು ದಿನ ನಡೆದ್ವಿ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಇವೆರಡಕ್ಕಿಂತ ನನ್ನನ್ನು ಚುಚ್ಚಿದ ಮಾತು ಬೇರೆ. ಸೂತ್ರಧಾರ ತನ್ನ ದಾಳವನ್ನು ಒಂದು ರಟ್ಟಿನ ಮರೆಯಲ್ಲಿ ಉರುಳಿಸುವ ವಾಡಿಕೆಯುಂಟು. ಕಾದಾಟದಲ್ಲಿ ಹುಡುಗನ ಯೋಧ ಸಾಯುವಂತಾಗಿದ್ದ. ತೋಳಕ್ಕೆ ಬಿದ್ದದ್ದು ಹದಿನೇಳು. ನಾನು ‘ಆರು’ ಎಂದೆ. ಅವನು ಬದುಕಿಕೊಂಡ. ಎಲ್ಲರೂ ಎದ್ದ ಮೇಲೆ ಅವನು ಬಾಗಿಲ ಬಳಿ ನಿಂತು, “ಮಾಮ, ನಿಜವಾಗಿ ಎಷ್ಟು ಬಿತ್ತು?” ಎಂದ. ನಾನು ನಕ್ಕು ಮಾತು ಮರೆಸಹೋದೆ. ಅವನು, “ಪರವಾಗಿಲ್ಲ ಬಿಡಿ. ಈಗ ಮನೇಲಿ ಎಲ್ಲರೂ ನನಗೆ ಹಾಗೇ ಮಾಡ್ತಾರೆ” ಎಂದು ಹೇಳಿ ಮಹಡಿಗೆ ಹೋಗಿಬಿಟ್ಟ.

ಆ ರಾತ್ರಿ ನಾನು ಅವನ ಪುಸ್ತಕವನ್ನು ಮೊದಲಿನಿಂದ ಓದಲು ಕುಳಿತೆ. ಅವನಲ್ಲಿದ್ದುದು 2014ರ ಐದನೆಯ ಆವೃತ್ತಿ. 2024ರಲ್ಲಿ ಅದನ್ನು ತಿದ್ದಿ ಮತ್ತೆ ಅಚ್ಚುಹಾಕಿದ್ದಾರಂತೆ, ನಮಗೆ ಹಳೆಯದೇ ಸಾಕು. ಮರುದಿನ ಎಂಜಿನಿಯರ್ ಹುಡುಗನ ಕೃಪೆಯಿಂದ ಹಿಂದಿನ ಆವೃತ್ತಿಗಳನ್ನೂ ತಿರುವಿಹಾಕಿದೆ. ಆಟವನ್ನು ಕಟ್ಟಿದವರಿಗೆ ಕಾಡು ಎಂದೂ ಒಂದು ಸಾಲಿನ ವಿಷಯವಾಗಿರಲಿಲ್ಲ. 1974ರ ಮೂರು ಹೊತ್ತಿಗೆಗಳಲ್ಲಿ ಕಡೆಯದರ ಹೆಸರಿನಲ್ಲಿಯೇ ಅಡವಿ ಸೇರಿಕೊಂಡಿದೆ. ಅಡವಿಯ ಪ್ರಯಾಣಕ್ಕೆ ಅವರು ಸೂಚಿಸಿದ್ದು ‘ಔಟ್‌ಡೋರ್ ಸರ್ವೈವಲ್’ ಎಂಬ ಬೇರೊಂದು ಕಂಪನಿಯ ಆಟದ ಹಾಸು. 1972ರ ಆ ಆಟದಲ್ಲಿ ಭೂತವಿಲ್ಲ, ಪಿಶಾಚಿಯಿಲ್ಲ. ಜೇನುಗೂಡಿನ ಕಣ್ಣುಗಳಂಥ ಆರು ಮೂಲೆಯ ಮನೆಗಳುಳ್ಳ ನಕ್ಷೆಯ ಮೇಲೆ ದಾರಿ ತಪ್ಪಿದ ಮನುಷ್ಯ ನೀರನ್ನೂ ಅನ್ನವನ್ನೂ ಹುಡುಕುತ್ತ ಜೀವ ಹಿಡಿದುಕೊಳ್ಳಬೇಕು, ಅಷ್ಟೆ. ಹಸಿವು, ಬಾಯಾರಿಕೆ, ದಾರಿ ತಪ್ಪುವುದು: ಕಾಡಿನ ನಿಜವಾದ ರಾಕ್ಷಸರು ಇವೇ ಎಂಬುದು ಅವರಿಗೆ ಗೊತ್ತಿತ್ತು.

1981ರ ನಿಯಮಗಳಲ್ಲಿ ಕಂಡ ಇನ್ನೊಂದು ವಿಷಯ ನನ್ನನ್ನು ಬೆರಗುಗೊಳಿಸಿತು. ಎದುರಾದ ಪ್ರಾಣಿ ಏನು ಮಾಡೀತು ಎಂದು ತಿಳಿಯದಿದ್ದಾಗ ಆರು ಮುಖದ ಎರಡು ದಾಳಗಳನ್ನು ಹಾಕಬೇಕು. ಎರಡು ಬಿದ್ದರೆ ಒಡನೆಯೇ ಮೇಲೆ ಬೀಳುತ್ತದೆ; ಮೂರರಿಂದ ಐದಾದರೆ ಹಗೆತನ ತೋರುತ್ತದೆ; ಆರರಿಂದ ಎಂಟಾದರೆ ಏನೂ ತೋಚದೆ ನಿಲ್ಲುತ್ತದೆ; ಒಂಬತ್ತರಿಂದ ಹನ್ನೊಂದಾದರೆ ತನ್ನ ಪಾಡಿಗೆ ಹೋಗುತ್ತದೆ, ಇಲ್ಲವೆ ಮಾತಿಗೆ ಒಪ್ಪುತ್ತದೆ; ಹನ್ನೆರಡಾದರೆ ಸ್ನೇಹ. ಎಂಜಿನಿಯರ್ ಹುಡುಗ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಎರಡು ದಾಳ ಬೀಳುವ ಬಗೆಗಳು ಒಟ್ಟು 36. ಅದರಲ್ಲಿ ಒಡನೆ ಮೇಲೆ ಬೀಳುವುದು ಒಂದೇ ಒಂದು. ಏನೂ ತೋಚದೆ ನಿಲ್ಲುವುದು 16. ಅಂದರೆ, ಕಾಡಿನಲ್ಲಿ ಎದುರಾದ ಜೀವಿಗೂ ನಿಮ್ಮಷ್ಟೇ ದಿಗಿಲು ಎಂಬುದು ಆ ಪಟ್ಟಿಯ ಇಂಗಿತ. ನಾನು ಮಾತ್ರ 36ರಲ್ಲಿ ಒಂದನ್ನೇ ಆರಿಸಿಕೊಂಡು ತೋಳಗಳನ್ನು ಛೂ ಬಿಟ್ಟಿದ್ದೆ.

ಅಲ್ಲಿಗೆ ನನಗೆ ನಾಚಿಕೆಯಾಗತೊಡಗಿತು; ಏಕೆಂದರೆ ಅರಣ್ಯಪರ್ವವನ್ನು ವರ್ಷ ವರ್ಷವೂ ಪಾಠ ಹೇಳುವವನು ನಾನು! ಯಕ್ಷಪ್ರಶ್ನೆಯ ಕಥೆಯನ್ನು ಸೂತ್ರಧಾರನ ಕಣ್ಣಿನಿಂದ ಒಮ್ಮೆ ನೋಡಿ. ಬ್ರಾಹ್ಮಣನೊಬ್ಬನ ಅರಣಿ ಜಿಂಕೆಯ ಕೊಂಬಿಗೆ ಸಿಕ್ಕಿ ಕಾಡು ಸೇರುತ್ತದೆ. ಅದು ಪಾಂಡವರ ವಸ್ತುವಲ್ಲ. ಆದರೂ ಬೇಡಿ ಬಂದವನಿಗೆ ಇಲ್ಲವೆನ್ನಲಾರದವರು ಅವರು. ಹೀಗಾಗಿ ದಾರಿಗಿಳಿಯುತ್ತಾರೆ. ಜಿಂಕೆ ಸಿಗುವುದಿಲ್ಲ, ಬಾಯಾರಿಕೆಯಾಗುತ್ತದೆ. ನಕುಲ ಮರ ಹತ್ತಿ ನೀರಿನ ಗುರುತು ಕಂಡು ಹೋಗುತ್ತಾನೆ. ಕೊಳವಿದೆ, ನೀರು ತಿಳಿಯಾಗಿದೆ, ಕೂಡದೆಂದು ಒಂದು ಧ್ವನಿ ಎಚ್ಚರಿಸುತ್ತದೆ. ಮೋಸವಿಲ್ಲ, ಹೊಂಚಿ ಹಿಡಿಯುವುದಿಲ್ಲ, ಮೊದಲೇ ಹೇಳಿಬಿಟ್ಟಿದೆ. ಕುಡಿದವನು ಬೀಳುತ್ತಾನೆ. ಸಹದೇವ, ಅರ್ಜುನ, ಭೀಮ, ಒಬ್ಬೊಬ್ಬರಿಗೂ ಅದೇ ಎಚ್ಚರಿಕೆ, ಅದೇ ಸ್ವಾತಂತ್ರ್ಯ. ಕಡೆಗೆ ಬಂದ ಧರ್ಮರಾಯ ನಿಂತು ಉತ್ತರ ಹೇಳುತ್ತಾನೆ. ಅಷ್ಟಕ್ಕೇ ಮುಗಿದಿದ್ದರೆ ಅದು ಒಗಟಿನ ಪಂದ್ಯವಾಗುತ್ತಿತ್ತು. ತಮ್ಮಂದಿರಲ್ಲಿ ಒಬ್ಬನನ್ನು ಮಾತ್ರ ಬದುಕಿಸುತ್ತೇನೆ, ಯಾರು ಬೇಕು ಹೇಳು ಎಂದಾಗ ಕಥೆ ಬಿಗಿಯುತ್ತದೆ. ಮುಂದಿನ ಯುದ್ಧಕ್ಕೆ ಬೇಕಾದವರು ಭೀಮಾರ್ಜುನರು. ಅವನು ಕೇಳುವುದು ಮಾದ್ರಿಯ ಮಗನಾದ ನಕುಲನನ್ನು. ಆ ಪ್ರಸಂಗದಲ್ಲಿ ಪಾಂಡವರ ಹಿರಿಯ ಎಂಥವನೆಂಬುದು ಇಡೀ ಕುರುಕ್ಷೇತ್ರದಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ದಾರಿಗಡ್ಡವಾಗಿ ಬಾಲ ಚಾಚಿ ಮಲಗಿದ ಮುದಿಕೋತಿಯನ್ನು ಭೀಮ ಎದುರುಗೊಳ್ಳುವುದೂ ಇಂಥದೇ. ಅಲ್ಲಿ ಎದುರಾಳಿಯನ್ನು ಗೆಲ್ಲುವಂತಿಲ್ಲ. ಭೀಮ ಗುರುತು ಹಿಡಿಯಬೇಕು, ಅಷ್ಟೆ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಹೊಸ ಕಾಡನ್ನು ಕಟ್ಟಲು ತೊಡಗಿದೆ. ಮೊದಲು ಹುಡುಗಿಯ ಪ್ರಶ್ನೆಗೆ ಉತ್ತರ. ಪುಸ್ತಕದ ಪ್ರಕಾರ ಸಾಧಾರಣ ನಡಿಗೆಯಲ್ಲಿ ದಿನಕ್ಕೆ ಎಂಟು ಗಂಟೆ ನಡೆದರೆ 24 ಮೈಲಿ. ಮೆಲ್ಲನೆ ನಡೆದರೆ 18. ಬಿರುಸಾಗಿ ನಡೆದರೆ 30. ದಟ್ಟ ಕಾಡಾದರೆ ಎಲ್ಲವೂ ಅರ್ಧ. ಮೆಲ್ಲನೆ ನಡೆಯುವವರು ಸದ್ದಿಲ್ಲದೆ ಮರೆಯಲ್ಲಿ ಸಾಗಬಹುದು. ಬಿರುಸಾಗಿ ನಡೆಯುವವರಿಗೆ ಸುತ್ತಲ ಅಪಾಯ ಕಣ್ಣಿಗೆ ಬೀಳುವುದು ಕಷ್ಟ. ನಾನು 36 ಮೈಲಿಯ ಕಾಡನ್ನು ಬರೆದು ಆರು ಮೂಲೆಯ ಮನೆಗಳಾಗಿ ಭಾಗ ಮಾಡಿದೆ. ಸಾಧಾರಣ ನಡಿಗೆಗೆ ಸರಿಯಾಗಿ ಮೂರು ದಿನ.

ಅನಂತರ, ಹೊತ್ತಿಗೆ ಬೆಲೆ ಬರಬೇಕು. ಬೆಲೆಯಿಲ್ಲದಿದ್ದರೆ ನೂರು ದಿನ ನಡೆದರೂ ನಷ್ಟವಿಲ್ಲ. ಆಚೆಯ ಹಳ್ಳಿಯಲ್ಲಿ ಒಂದು ಮಗುವಿಗೆ ವಿಷಜ್ವರ. ವೈದ್ಯಳ ಬಳಿ ಇರುವ ಮೂಲಿಕೆಯನ್ನು ಅವಳೇ ಅರೆದು, ಮೂರನೆಯ ದಿನ ದೀಪ ಹಚ್ಚುವ ಹೊತ್ತಿನೊಳಗೆ, ಅಂದರೆ ಆರೂವರೆಯೊಳಗೆ ಕುಡಿಸಬೇಕು. ಇದನ್ನು ಆಟಗಾರರಿಗೆ ಮೊದಲೇ ತಿಳಿಸತಕ್ಕದ್ದು.

ಮೂರನೆಯದು ಎದುರಾಗುವ ಜೀವಿ. ಈ ಆಟದ ಪ್ರಾಣಿಸಂಗ್ರಹದಲ್ಲಿ ‘ಔಲ್‌ಬೇರ್’ ಎಂಬುದೊಂದಿದೆ. ಕರಡಿಯ ಮೈ, ಗೂಬೆಯ ಮುಖ. ಗೈಗ್ಯಾಕ್ಸ್ ಅದನ್ನು ಕಲ್ಪಿಸಿಕೊಂಡದ್ದು ಹಾಂಗ್‌ಕಾಂಗಿನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದನ್ನು ನೋಡಿ. ಯಾವ ಪುರಾಣದಲ್ಲಿಯೂ ಇಲ್ಲದ ಮೃಗ 1975ರಿಂದ ಈಚೆಗೆ ಎಷ್ಟೋ ಮಂದಿಯನ್ನು ಹೆದರಿಸಿದೆ. ಕನ್ನಡದಲ್ಲಿ ಇದನ್ನು ‘ಗೂಬೆಗರಡಿ’ ಎನ್ನಬೇಕೆಂದು ನಾನು ಹೇಳಿದಾಗ, ಅದು ಆದೇಶಸಂಧಿಯೆಂದು ಹುಡುಗಿ ಥಟ್ಟನೆ ಹೇಳಿದಳು. ನನಗಾದ ಸಂತೋಷವನ್ನು ಏನೆಂದು ವರ್ಣಿಸಲಿ! ನನ್ನ ಪದವಿ ತರಗತಿಯಲ್ಲಿ ಅಷ್ಟು ಬೇಗ ಉತ್ತರ ಬಂದುದಿಲ್ಲ.

ತಾಯಿ ಗೂಬೆಗರಡಿ ದಾರಿಯ ನಡುವೆ ನಿಂತಿದೆ. ಏಕೆ ನಿಂತಿದೆ? ಸೂತ್ರಧಾರ ಉತ್ತರ ಹೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು. ತೋಳಗಳ ವಿಷಯದಲ್ಲಿ ನಾನು ಕೇಳಿಕೊಂಡಿರಲಿಲ್ಲ. ಅದರ ಮರಿಯ ಕಾಲು ಕಬ್ಬಿಣದ ಕತ್ತರಿಗೆ ಸಿಕ್ಕಿಕೊಂಡಿದೆ. ಅದು ಬಿಡಿಸಲಾರದು, ಬಿಟ್ಟು ಹೋಗಲಾರದು. ಕತ್ತರಿ ಹೂಡಿದವನು ಯಾರು? ಕಾಡಿನಲ್ಲಿ ಇದ್ದಿಲು ಸುಡುವ ಮುದುಕ. ಏಕೆ ಹೂಡಿದ? ಅವನ ಮೇಕೆಗಳನ್ನು ಇದೇ ತಾಯಿ ತಿಂದಿದೆ. ಇಲ್ಲಿ ಯಾರೂ ಕೆಟ್ಟವರಲ್ಲ. ಆದಕಾರಣವೇ ದಾರಿ ಕಟ್ಟಿಹೋಗಿದೆ. ಇದನ್ನು ಬರೆದ ಮೇಲೆ ಆಟಗಾರರು ಹೇಗೆ ಪಾರಾಗುತ್ತಾರೆಂಬುದನ್ನು ಬರೆಯದೆ ಬಿಟ್ಟೆ. ಬಿಡುವುದು ನನಗೆ ಬಹಳ ಕಷ್ಟವಾಯಿತು. ಪಾಠ ಹೇಳುವವರ ದುರಭ್ಯಾಸವದು; ಪ್ರಶ್ನೆ ಕೇಳುವಾಗಲೇ ಉತ್ತರವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿರುತ್ತೇವೆ.

ಕಡೆಯದಾಗಿ ಒಂದು ಚೀಟಿ ಬರೆದೆ. “ಆರೂವರೆಗೆ ಮೊದಲು ಬಂದರೆ ಮಗು ಉಳಿಯುತ್ತದೆ. ಆಮೇಲೆ ಬಂದರೆ ಇಲ್ಲ.” ಅದನ್ನು ಮಡಿಸಿ, ನನ್ನ ಮನಸ್ಸು ಕರಗಿ ತಿದ್ದಿಬಿಟ್ಟೇನೆಂಬ ಭಯದಿಂದ, ದೇವರ ಗೂಡಿನಲ್ಲಿಡಲು ತಾಯಿಯ ಕೈಗೆ ಕೊಟ್ಟೆ. ರಟ್ಟಿನ ಮರೆಯನ್ನು ತೆಗೆದು ಅಟ್ಟಕ್ಕೆ ಹಾಕಿದೆ.

ಭಾನುವಾರ ಬಂತು. ಮೊದಲ ದಿನದ 12 ಮೈಲಿಯನ್ನು ಬೇಗ ಮುಗಿಸಿದೆ. ಆದರೆ ದಾರಿಯಲ್ಲಿ ಮರದ ತೊಗಟೆಯ ಮೇಲೆ ಆಳವಾದ ಉಗುರುಗೆರೆಗಳನ್ನೂ, ಮೇಕೆಯ ಹಳೆಯ ಎಲುಬನ್ನೂ, ಎಲ್ಲಿಂದಲೋ ಬರುವ ಹೊಗೆಯ ವಾಸನೆಯನ್ನೂ ಹೇಳಿಟ್ಟೆ. ಎರಡನೆಯ ದಿನ ಆರು ಮೈಲಿ ನಡೆದ ಮೇಲೆ ಮಧ್ಯಾಹ್ನದ ಹೊತ್ತಿಗೆ ತಾಯಿ ಎದುರಾಯಿತು. ಹುಡುಗ ಎಂದಿನಂತೆ, “ಕತ್ತಿ ಹಿರಿದೆ” ಎಂದ. ಅವನ ತಂಗಿ, “ತಡಿಯೋ, ಅದು ಯಾಕೆ ನಮ್ಮ ಮೇಲೆ ಬರ್ತಾ ಇಲ್ಲ?” ಎಂದಳು. ಎಲ್ಲರೂ ಸುಮ್ಮನಾದರು. ನನ್ನವಳು ಹಿಂದಿನಿಂದ ಸುತ್ತಿ ನೋಡಿ ಬರುತ್ತೇನೆಂದು ದಾಳ ಹಾಕಿದಳು, ಮರಿ ಕಂಡಿತು.

ಆ ಮೇಲಿನ ಒಂದು ಗಂಟೆಯನ್ನು ನಾನು ಬಹುಕಾಲ ಮರೆಯಲಾರೆ. ಸುತ್ತಿಕೊಂಡು ಹೋಗೋಣವೆಂದು ಮಂತ್ರವಾದಿ ಹೇಳಿದ. ಮರಿ ಹಾಗೆಯೇ ಸತ್ತರೆ ಎಂದು ವೈದ್ಯೆ ಕೇಳಿದಳು. ಹಳ್ಳಿಯ ಮಗು ಸತ್ತರೆ ಎಂದು ಕಳ್ಳಿ ಕೇಳಿದಳು. ಅತ್ತೆ ಸೊಸೆಯರಿಗೆ ನಿಜವಾಗಿಯೂ ವಾಗ್ವಾದವಾಯಿತು. ಚಕ್ಕುಲಿಯ ತಟ್ಟೆ ಮುಟ್ಟುವವರಿಲ್ಲದೆ ಕುಳಿತಿತ್ತು. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಾನು ಕತ್ತಿ ಕೆಳಗಿಟ್ಟು ಅದರ ಮುಂದೆ ಕೂತ್ಕೋತೀನಿ. ಅದು ನನ್ನನ್ನ ನೋಡ್ತಾ ಇರಲಿ, ನೀವು ಮರೀನ ಬಿಡಿಸಿ” ಎಂದ. ಆ ಹೊತ್ತಿಗೆ ನಾನು ಹಳೆಯ ಪಟ್ಟಿಯ ಎರಡು ದಾಳಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮಧ್ಯದಲ್ಲಿ ಹಾಕಿದೆ. ನಾಲ್ಕು, ಮೂರು, ಒಟ್ಟು ಏಳು. ತೋಚದೆ ನಿಂತಿತು. ಮರಿಯ ಕಾಲು ಬಿಡಿಸಿ ಪಟ್ಟಿ ಕಟ್ಟುವಷ್ಟರಲ್ಲಿ ಸಂಜೆಯಾಯಿತು. ಕತ್ತರಿಯ ಮೇಲಿದ್ದ ಮಸಿಯ ಬೆರಳಚ್ಚನ್ನು ಕಂಡು, ಹೊಗೆಯ ವಾಸನೆ ಹಿಡಿದು, ಮುದುಕನ ಗುಡಿಸಲನ್ನೂ ಅವರೇ ಪತ್ತೆ ಮಾಡಿದರು. ಕಾಡಿನ ಅಂಚಿನವರೆಗೂ ದಾರಿಯುದ್ದಕ್ಕೆ ಇಂಥ ಕತ್ತರಿಗಳನ್ನು ಹೂಡಿದ್ದೇನೆ, ಎಷ್ಟೆಂದು ನೆನಪಿಲ್ಲ ಎಂದು ಅವನು ಹೇಳಿದ. ಅಲ್ಲಿಗೆ ಬಿರುಸಾಗಿ ನಡೆಯುವ ಆಸೆ ಮುರಿಯಿತು.

ಉಳಿದದ್ದು 18 ಮೈಲಿ. ಸಾಧಾರಣ ನಡಿಗೆಗೆ ದಿನಕ್ಕೆ 12. ಮಿಕ್ಕ ಆರು ಮೈಲಿಗೆ ಇನ್ನು ನಾಲ್ಕು ಗಂಟೆ ಹೆಚ್ಚಿಗೆ ನಡೆಯಬೇಕು. ಬೆಳಗ್ಗೆ ಆರಕ್ಕೆ ಹೊರಟು, ನಡುವೆ ಒಂದು ಗಂಟೆ ಕುಳಿತರೆ, ಸೇರುವುದು ಏಳಕ್ಕೆ. ನನ್ನವಳು ಬೆರಳಲ್ಲಿ ಎಣಿಸಿ, “ಐದಕ್ಕೇ ಪಂಜು ಹಿಡಿದು ಹೊರಟ್ರೆ ಆರಕ್ಕೆ ಮುಟ್ತೀವಿ” ಎಂದಳು. ಸರಿಯೇ, ಆದರೆ ಎಂಟು ಗಂಟೆ ಮೀರಿ ನಡೆದ ಒಂದೊಂದು ಗಂಟೆಗೂ ದೇಹದ ಶಕ್ತಿಯನ್ನು ದಾಳದಿಂದ ಪರೀಕ್ಷಿಸಬೇಕು. ಮೊದಲ ಗಂಟೆಗೆ 11 ಬರಬೇಕು, ಎರಡನೆಯದಕ್ಕೆ 12, ಹೀಗೆ ಏರುತ್ತ ಹೋಗುತ್ತದೆ. ತಪ್ಪಿದರೆ ದಣಿವು, ಎರಡು ಸಲ ತಪ್ಪಿದರೆ ನಡಿಗೆ ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಗಂಟೆಗೆ ವೈದ್ಯೆಗೆ ಒಂಬತ್ತು ಬಿತ್ತು. ಮೂರನೆಯ ಗಂಟೆಗೆ ನಾಲ್ಕು. ಹಳ್ಳಿಗೆ ಇನ್ನು ಒಂದೂವರೆ ಮೈಲಿ, ಗಂಟೆ ಐದು. ಅವಳ ಅರ್ಧ ನಡಿಗೆಯಲ್ಲಿ ಅದಕ್ಕೆ ಎರಡು ಗಂಟೆ ಬೇಕು. ಏಳಾಗುತ್ತದೆ. ಮೂಲಿಕೆ ಅರೆಯಬಲ್ಲವಳು ಅವಳೊಬ್ಬಳೇ. ಹುಡುಗಿಯ ಕಣ್ಣು ತುಂಬಿತು. ಅಷ್ಟು ಹೊತ್ತಿಗೆ ನಮ್ಮ ತಾಯಿ ಬಾಗಿಲಲ್ಲಿ ನಿಂತಿದ್ದುದನ್ನು ಕಂಡೆ, ಕೈಯಲ್ಲಿ ಚೀಟಿ. ಓದಿಕೊಂಡಿದ್ದರೆಂಬುದು ಮುಖದಲ್ಲಿಯೇ ತಿಳಿಯುತ್ತಿತ್ತು. “ಸಣ್ಣ ಮಗು ಕಣೋ” ಎಂದರು, ನನಗೆ ಮಾತ್ರ ಕೇಳಿಸುವಂತೆ. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ‘ಏಳು’ ಎಂದು ತಿದ್ದಿಬಿಡುವುದಕ್ಕೆ ಒಂದು ಕ್ಷಣ ಸಾಕು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು, “ಏನು ಮಾಡುತ್ತೀರಿ?” ಎಂದು ಮಾತ್ರ ಕೇಳಿದೆ.

“ನಾನು ಇವಳನ್ನ ಹೊತ್ಕೋತೀನಿ” ಎಂದ.

ಎಂಜಿನಿಯರ್ ಹೊರೆಯ ಲೆಕ್ಕ ತೆಗೆದು ತಲೆಯಾಡಿಸಿದ. ಕವಚ, ಗುರಾಣಿ, ಬುತ್ತಿಯ ಗಂಟು, ಅದರ ಮೇಲೆ ಒಂದು ಆಳು, ಮಿತಿ ಮೀರುತ್ತಿತ್ತು. ಹುಡುಗನ ಆ ಕವಚಕ್ಕೆ ಬೆಲೆ 200 ಚಿನ್ನದ ನಾಣ್ಯ, ತೂಕ 60 ಪೌಂಡು. ಮೊದಲ ಎರಡು ಭಾನುವಾರ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿ, ಪಾಲುದಾರರಿಂದ ಸಾಲವನ್ನೂ ಎತ್ತಿ ಅವನು ಅದನ್ನು ಕೊಂಡಿದ್ದ. ಅದರ ಚಿತ್ರವನ್ನು ಹಾಳೆಯ ಅಂಚಿನಲ್ಲಿ ಬರೆದು ಬಣ್ಣ ಹಾಕಿದ್ದ. ಅವನು ಪೆನ್ಸಿಲು ತೆಗೆದುಕೊಂಡು ತನ್ನ ಹಾಳೆಯಲ್ಲಿ ‘ಕವಚ’ ಎಂದಿದ್ದಲ್ಲಿ ಒಂದು ಗೆರೆ ಎಳೆದ. “ಮರದ ಬುಡದಲ್ಲಿ ಬಿಚ್ಚಿಟ್ಟೆ. ಗುರಾಣೀನೂ. ಈಗ ಆಗುತ್ತಾ?”

ಆಗುತ್ತಿತ್ತು. ಆದರೆ ನಾಲ್ಕನೆಯ ಗಂಟೆಯ ಪರೀಕ್ಷೆ ಅವನಿಗೂ ಉಂಟಷ್ಟೆ. 14 ಬರಬೇಕು, ಅವನ ದೇಹಶಕ್ತಿಗೆ ಎರಡು ಕೂಡುತ್ತದೆ, ಅಂದರೆ ದಾಳದಲ್ಲಿ 12. ಅದಕ್ಕಿಂತ ಹಿಂದಿನ ಗಂಟೆಯಲ್ಲಿ ಅವನೂ ಒಮ್ಮೆ ದಣಿದಿದ್ದ. ಇದೂ ತಪ್ಪಿದರೆ ಅವನ ನಡಿಗೆಯೂ ಅರ್ಧ. ಪರೀಕ್ಷೆ ಗಂಟೆಯ ಕಡೆಗೆ ಬರುವುದರಿಂದ ಹಳ್ಳಿಯ ಬಾಗಿಲನ್ನು ಮುಟ್ಟಿದ ಮೇಲೆಯೇ ದಾಳ ಹಾಕುವುದು ನ್ಯಾಯವೆಂದು ಎಂಜಿನಿಯರ್ ವಾದಿಸಿದ. ಪುಸ್ತಕ ತೆರೆದು ನೋಡಿದೆ. ಅವನು ಹೇಳಿದ್ದೇ ಸರಿ. ಇದು ನಾನು ತೋರಿದ ದಯೆಯಲ್ಲ ಎಂಬುದನ್ನು ಹುಡುಗ ತಾನೂ ಆ ಪುಟವನ್ನು ಓದಿ ಖಚಿತಪಡಿಸಿಕೊಂಡ. ಆರು ಗಂಟೆಗೆ ಅವರು ಹಳ್ಳಿ ಸೇರಿದರು. ಅವನು ತಂಗಿಯನ್ನು ಇಳಿಸಿ ದಾಳ ಹಾಕಿದ. ಐದು ಬಿತ್ತು. ಯೋಧ ಹೊಸ್ತಿಲಲ್ಲಿಯೇ ಕುಸಿದು ಕುಳಿತ. ಒಳಗೆ ಮೂಲಿಕೆ ಅರೆಯುವ ಸದ್ದು ಕೇಳಿಸಿತು.

ತಾಯಿ ಚೀಟಿಯನ್ನು ಹರಿದು, “ಊಟಕ್ಕೆ ಏಳಿ” ಎಂದರು.

ಆ ರಾತ್ರಿ ಹುಡುಗ ಊಟ ಮಾಡುತ್ತ ಮಾಡುತ್ತ ತಾನೇ ಪರೀಕ್ಷೆಯ ಮಾತೆತ್ತಿದ. ಎಷ್ಟು ಅಂಕ ಕಡಿಮೆಯಾಯಿತು, ಯಾವ ಕಾಲೇಜು ಸಿಗಬಹುದು, ಇನ್ನೊಂದು ವರ್ಷ ಓದಿ ಮತ್ತೆ ಕುಳಿತರೆ ಹೇಗೆ ಎಂದು ನನ್ನನ್ನು ಕೇಳಿದ. ನನಗೆ ತೋಚಿದ್ದನ್ನು ಸಿಹಿ ಲೇಪಿಸದೆ ಹೇಳಿದೆ. ಅವನು ಮಜ್ಜಿಗೆ ಅನ್ನ ಮತ್ತೆ ಹಾಕಿಸಿಕೊಂಡ.

ಕೈ ತೊಳೆಯುವಾಗ ತಂಗಿ ಅವನನ್ನು ಕೇಳುತ್ತಿದ್ದಳು: “ನಿನ್ನ ಕವಚ ಇನ್ನೂ ಮರದ ಬುಡದಲ್ಲೇ ಇದೆಯಾ?”

“ಇರುತ್ತೆ. ಆದರೆ ಆ ಮುದುಕ ನೋಡಿದ್ದರೆ ಇರಲ್ಲ.”

“ಇಲ್ಲಾ ಆ ಮರಿ ಅದರಲ್ಲಿ ಮಲಗಿರುತ್ತೆ.”

ಇಬ್ಬರೂ ನನ್ನ ಕಡೆಗೆ ತಿರುಗಿದರು. ಬರುವ ಭಾನುವಾರಕ್ಕೆ ಇನ್ನು ಆರು ದಿನವಿದೆ. ಮಳೆಗಾಲದ ಕಾಡಿನಲ್ಲಿ ದಿನಕ್ಕೆ ಎಷ್ಟು ಮೈಲಿ ನಡೆಯಬಹುದೆಂದು ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ.